ವಿಜಾಪುರದ ಕೋಟೆ: ಗೋಡೆಯ ಒಳಗೆ, ಗೋಡೆಯ ಹೊರಗೆ



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ನಮ್ಮ ಕುಟುಂಬಗಳಲ್ಲಿ ವಿಜಾಪುರ ನೋಡದವರು ವಿರಳ. ಮಕ್ಕಳ ಶಾಲಾ ಪ್ರವಾಸಕ್ಕೆ, ದೊಡ್ಡ ದವಾಖಾನೆಗೆ, ಬಂಧುಗಳ ಮನೆಗೆ ಎಂದು ಒಂದಲ್ಲ ಒಂದು ನೆಪದಲ್ಲಿ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆ ದಾಟಿ, ಬಬಲೇಶ್ವರದ ಮೇಲೆ ಹಾದು ಅಲ್ಲಿಗೆ ಹೋಗುತ್ತಲೇ ಇರುತ್ತೇವೆ. ಹೋದವರು ಗೋಳಗುಮ್ಮಟ ಹತ್ತುತ್ತಾರೆ, ಮೇಲೆ ನಿಂತು ಒಂದು ಕೂಗು ಹಾಕಿ ಅದು ಮರಳಿ ಬರುವುದನ್ನು ಎಣಿಸುತ್ತಾರೆ, ಇಬ್ರಾಹಿಂ ರೋಜಾದ ಮುಂದೆ ಫೋಟೋ ತೆಗೆಸಿಕೊಂಡು ಬಸ್ಸು ಹತ್ತುತ್ತಾರೆ. ಆದರೆ ಊರೊಳಗೆ ಬರುವಾಗ ಒಂದು ಸಲ, ಹೋಗುವಾಗ ಮತ್ತೊಂದು ಸಲ ತಾವು ದಾಟಿದ ಆ ಕಪ್ಪು ಕಲ್ಲಿನ ಗೋಡೆಯನ್ನು ನೋಡಿದವರು ಎಷ್ಟು ಮಂದಿ? ಗೋಳಗುಮ್ಮಟ ಮುಗಿದದ್ದು 1656ರಲ್ಲಿ. ಗೋಡೆ ಅದಕ್ಕಿಂತ ತೊಂಬತ್ತು ವರ್ಷ ಹಿರಿಯದು. ಆ ಗೋಡೆ ಇರದಿದ್ದರೆ ಗುಮ್ಮಟ ಕಟ್ಟಲು ಯಾವ ಸುಲ್ತಾನನಿಗೂ ಧೈರ್ಯ ಬರುತ್ತಿರಲಿಲ್ಲ. ಆದ್ದರಿಂದ ಈ ಸಲ ಗುಮ್ಮಟವನ್ನು ಬದಿಗಿಟ್ಟು ಗೋಡೆಯ ಕಥೆಯನ್ನೇ ಹೇಳುತ್ತೇನೆ.

ಕೋಟೆ ಎಂದರೇನೆಂದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಹಳೆಯ ಊರುಗಳಲ್ಲಿ ಇಂದಿಗೂ ಅಗಸಿ ಇದೆ, ಕೆಲವು ಕಡೆ ಊರ ನಡುವೆ ಮಣ್ಣು-ಕಲ್ಲಿನ ಹುಡೇ ಅರ್ಧ ಕುಸಿದು ನಿಂತಿದೆ. ದಂಡು ಬಂದಾಗ ಅಗಸಿ ಹಾಕಿಕೊಂಡು, ಹುಡೇದ ಮೇಲೆ ಕಾವಲು ನಿಲ್ಲಿಸಿ, ದನಕರುಗಳನ್ನು ಒಳಗೆ ಹೊಡೆದುಕೊಂಡು ಊರು ಉಸಿರು ಬಿಗಿಹಿಡಿದು ಕೂರುತ್ತಿತ್ತು. ವಿಜಾಪುರದ ಕೋಟೆ ಇದೇ ಅಗಸಿ, ಇದೇ ಹುಡೇ. ಅಳತೆ ಮಾತ್ರ ಬೇರೆ.

ಊರು ಸುಲ್ತಾನರಿಗಿಂತ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯರ ಕಾಲದಲ್ಲೇ, ಅಂದರೆ 11ನೇ ಶತಮಾನದಲ್ಲೇ ಇಲ್ಲಿ ದೇವಾಲಯವಿತ್ತು, ಕನ್ನಡ ಶಾಸನವಿತ್ತು, ವಿಜಯಪುರ ಎಂಬ ಹೆಸರೂ ಇತ್ತು. 2014ರಲ್ಲಿ ಸರಕಾರ ಬಿಜಾಪುರಕ್ಕೆ ಮತ್ತೆ ಕೊಟ್ಟದ್ದು ಆ ಹೆಸರನ್ನೇ. ಒಳಕೋಟೆಯ ದಕ್ಷಿಣ ಬಾಗಿಲಿನ ಸುತ್ತ ಹಳೆಯ ಗುಡಿಗಳ ಕಂಬಗಳು ಮಸೀದಿಯ ಕಂಬಗಳಾಗಿ ನಿಂತಿರುವುದನ್ನು ಈಗಲೂ ಕಾಣಬಹುದು. ಅಲ್ಲಿಯೇ 1320ರ ಕರೀಮುದ್ದೀನನ ಮಸೀದಿ ಇದೆ. ಅದನ್ನು ಕಟ್ಟಿದವನು ಸಾಲೋಟಗಿಯ ರೇವಯ್ಯ ಎಂಬ ಕುಶಲಕರ್ಮಿ ಎಂದು ಅದರ ಶಾಸನ ಹೇಳುತ್ತದೆ. ಸಾಲೋಟಗಿ ಇಂಡಿ ತಾಲೂಕಿನ ಊರು. ದೆಹಲಿಯ ದಂಡಿನೊಡನೆ ಬಂದ ಒಡೆಯನಿಗೆ ನಮ್ಮ ನೆರೆಯೂರಿನ ರೇವಯ್ಯ ಕೆಲಸ ಮಾಡಿಕೊಟ್ಟ. ಮೇಲಿನವರ ಯುದ್ಧ, ಕೆಳಗಿನವರ ಕೂಲಿ. ಈ ಕೋಟೆಯ ಕಥೆಯುದ್ದಕ್ಕೂ ಇದು ಬರುತ್ತದೆ.

ಬಹಮನಿ ರಾಜ್ಯ ಒಡೆದಾಗ ವಿಜಾಪುರದ ತರಫದಾರನಾಗಿದ್ದ ಯೂಸುಫ್ ಆದಿಲ್ ಖಾನ್ ಸುಮಾರು 1490ರಲ್ಲಿ ಸ್ವತಂತ್ರನಾದ. ಆತನೂ ಆತನ ನಂತರದವರೂ ಮೊದಲು ಕಟ್ಟಿದ್ದು ಊರ ನಡುವಿನ ಒಳಕೋಟೆಯನ್ನು. ಜನರ ಬಾಯಲ್ಲಿ ಅದು ಅರಕಿಲ್ಲಾ. ಹೆಚ್ಚುಕಡಿಮೆ ದುಂಡಗಿರುವ ಈ ಕೋಟೆಯನ್ನು ಅರ್ಧ ತಾಸಿನೊಳಗೆ ಸುತ್ತಿ ಬರಬಹುದು. ಸುತ್ತ ಕಂದಕ, ಒಳಗೆ ಅರಮನೆ. ಮುಖ್ಯ ಬಾಗಿಲು ದಕ್ಷಿಣಕ್ಕೆ. ದೊರೆಯನ್ನು ಶತ್ರುವಿನಿಂದ ಮಾತ್ರವಲ್ಲ, ಸ್ವಂತ ಸರದಾರರಿಂದಲೂ ಕಾಯಬೇಕಾಗಿದ್ದ ಕಾಲ ಅದು. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವೆಯನ್ನು ಕಿತ್ತುಕೊಂಡ. ಅದೇ ವರ್ಷ ಯೂಸುಫ್ ತೀರಿಕೊಂಡ. ಹಡಗಿನ ಮೇಲೆ ಬಂದ ತೋಪುಗಳು ಹಳೆಯ ಕೋಟೆಗಳನ್ನು ಏನು ಮಾಡಬಲ್ಲವೆಂಬುದು ವಿಜಾಪುರಕ್ಕೆ ಮನದಟ್ಟಾಯಿತು.

ಇಲ್ಲಿ ಒಂದು ಮಾತು. ಅದೇ ಗೋವೆಯೊಂದಿಗೆ ಈ ಆಸ್ಥಾನದ ಸಂಬಂಧ ಬರೀ ಯುದ್ಧದ್ದಾಗಿರಲಿಲ್ಲ. ಒಂದನೆಯ ಅಲಿ ಆದಿಲ್ ಶಹಾ ಗೋವೆಯ ಮಹಾಧರ್ಮಾಧ್ಯಕ್ಷರಿಗೆ ಹೇಳಿಕಳಿಸಿ ವಿದ್ವಾಂಸರನ್ನು ಕರೆಸಿಕೊಂಡ. 1561ರಲ್ಲಿ ಯೇಸುಸಭೆಯ ಗುರು ಗೊನ್ಸಾಲೊ ರೊಡ್ರಿಗ್ಸ್ ಈ ಆಸ್ಥಾನಕ್ಕೆ ಬಂದರು. ಹತ್ತು ವರ್ಷದೊಳಗೆ, 1570ರ ಕೊನೆಗೆ, ಅದೇ ದೊರೆ ಗೋವೆಗೆ ಮುತ್ತಿಗೆ ಹಾಕಿದ್ದೂ ಅಷ್ಟೇ ನಿಜ. ಹಗಲು ಚರ್ಚೆ, ರಾತ್ರಿ ಮದ್ದಿನ ಲೆಕ್ಕ. ಆ ಕಾಲದ ಅರಸರ ಸ್ವಭಾವವೇ ಹಾಗಿತ್ತು.

ಹೊರಗೋಡೆ ಈ ಅಲಿಯ ಕೆಲಸ. 1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿಯ ಯುದ್ಧದಲ್ಲಿ ಸುಲ್ತಾನರು ಒಂದಾಗಿ ವಿಜಯನಗರವನ್ನು ಸೋಲಿಸಿದರು. ಅದೇ ವರ್ಷ ವಿಜಾಪುರದ ಗೋಡೆ ಪೂರ್ತಿಯಾಯಿತು ಎಂದು ಚರಿತ್ರೆಗಾರರು ಬರೆಯುತ್ತಾರೆ. ಸುತ್ತಳತೆ ಸುಮಾರು 10 ಕಿ.ಮೀ. ಬುರುಜುಗಳು 96, ಬಾಗಿಲುಗಳ ಬಳಿ ಇರುವ ಹತ್ತು ಬೇರೆ. ಗೋಡೆಯ ಹೊರಗೆ ನಾಲ್ವತ್ತು ಐವತ್ತು ಅಡಿ ಅಗಲದ ಕಂದಕ.

ಇಷ್ಟು ದೊಡ್ಡ ಕೆಲಸ ಹೇಗೆ ಮುಗಿಯಿತು? ದೊರೆ ಗೋಡೆಯನ್ನು ಪಾಲು ಹಾಕಿ, ಒಬ್ಬೊಬ್ಬ ಸರದಾರನಿಗೆ ಒಂದೊಂದು ಪಾಲು ವಹಿಸಿಕೊಟ್ಟನೆಂಬುದು ಹಿಂದಿನಿಂದ ಬಂದ ಮಾತು. ಬುರುಜುಗಳನ್ನು ನೋಡಿದರೆ ಇದು ನಂಬುವಂತೆಯೇ ಇದೆ. ಒಂದರಂತೆ ಒಂದಿಲ್ಲ. ಒಂದು ಅರ್ಧ ದುಂಡಗೆ, ಇನ್ನೊಂದು ಮೂಲೆಮೂಲೆಯಾಗಿ. ಒಂದರ ಕಲ್ಲು ನುಣ್ಣಗೆ ಕೆತ್ತಿದ್ದು, ಪಕ್ಕದ್ದು ಒರಟು. ಬೈಬಲ್ ಓದುವ ನಮಗೆ ಇಲ್ಲಿ ನೆಹೆಮೀಯನ ಗ್ರಂಥದ ಮೂರನೆಯ ಅಧ್ಯಾಯ ನೆನಪಾಗದೆ ಇರದು. ಜೆರುಸಲೇಮಿನ ಗೋಡೆಯನ್ನೂ ಹೀಗೆಯೇ ಮನೆತನಕ್ಕೊಂದು ಪಾಲಿನಂತೆ ಎಬ್ಬಿಸಿದರು. ಅಲ್ಲಿ ಕೆಲವರು ತಮ್ಮ ಮನೆಯೆದುರಿನ ಗೋಡೆಯನ್ನೇ ಕಟ್ಟಿಕೊಂಡರು. ಅಷ್ಟು ದೂರವೇಕೆ, 1989ರಲ್ಲಿ ಚಿಕ್ಕಪಡಸಲಗಿಯ ಬ್ಯಾರೇಜನ್ನು ನಮ್ಮ ರೈತರು ವಂತಿಗೆ ಹಾಕಿ, ಮೈಮುರಿದು ದುಡಿದು ಕಟ್ಟಿದ್ದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಒಂದೇ ಒಂದು ವ್ಯತ್ಯಾಸ: ವಿಜಾಪುರದಲ್ಲಿ ಪಾಲು ಸಿಕ್ಕಿದ್ದು ಸರದಾರನಿಗೆ, ಕಲ್ಲು ಹೊತ್ತವನ ಹೆಸರು ಯಾವ ಬುರುಜಿನ ಮೇಲೂ ಇಲ್ಲ.

ಗೋಡೆಯ ಒಳರಚನೆಯನ್ನು ತಿಳಿದರೆ ಅದನ್ನು ಕಟ್ಟಿದವರ ಬುದ್ಧಿ ಅರ್ಥವಾಗುತ್ತದೆ. ಹೊರಗೊಂದು, ಒಳಗೊಂದು ಕಲ್ಲಿನ ಗೋಡೆ. ನಡುವೆ ಮಣ್ಣು ತುಂಬಿ, ದಮ್ಮಸು ಹಾಕಿ ಬಿಗಿದು, ಮೇಲೆ ಕಲ್ಲುಗಾರೆಯ ಹಾಸು. ತೋಪಿನ ಗುಂಡು ಬಡಿದಾಗ ಬರೀ ಕಲ್ಲಿನ ಗೋಡೆ ಬಿರಿಯುತ್ತದೆ. ಹೊಟ್ಟೆಯಲ್ಲಿ ಮಣ್ಣು ತುಂಬಿದ ಗೋಡೆ ಆ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಮೇಲಿನ ಹಾಸು ಎಷ್ಟು ಅಗಲವೆಂದರೆ ಸೈನಿಕರು ಓಡಾಡಬಹುದು, ತೋಪು ಎಳೆಯಬಹುದು. ಅಂಚಿಗೆ ತೆನೆಗಳ ಸಾಲು, ಅವುಗಳಲ್ಲಿ ಬಂದೂಕಿನ ಕಿಂಡಿ.

ಫ್ರಾನ್ಸ್ ದೇಶದ ಕಾರ್ಕಸೋನ್ ಕೋಟೆಯ ಚಿತ್ರವನ್ನು ಕ್ಯಾಲೆಂಡರುಗಳಲ್ಲಿ ನೀವು ಕಂಡಿರಬಹುದು. ಎರಡು ಸುತ್ತಿನ ಗೋಡೆ, 52 ಗೋಪುರ, ಮೇಲೆ ಚೂಪಾದ ಟೋಪಿಯಂಥ ಮಾಡು. ನೋಡಲು ವಿಜಾಪುರಕ್ಕಿಂತ ಎಷ್ಟೋ ಅಂದ. ಆದರೆ ಅದು ತೋಪಿಲ್ಲದ ಕಾಲದ ಕೋಟೆ. ಏಣಿ ಹಾಕಿ ಹತ್ತುವವರನ್ನು, ಬುಡ ಅಗೆಯುವವರನ್ನು ಮೇಲಿನಿಂದ ಹೊಡೆಯಬೇಕಾಗಿತ್ತು. ಅದಕ್ಕೆ ಗೋಪುರ ಎತ್ತರ ಬೇಕು. 12-13ನೇ ಶತಮಾನದಲ್ಲಿ ಅದು ಸರಿಯಾದ ವಿದ್ಯೆ. ತೋಪು ಬಂದ ಮೇಲೆ ಎತ್ತರವೇ ಶತ್ರುವಿಗೆ ಗುರಿ. ವಿಜಾಪುರದವರು ದಪ್ಪಕ್ಕೆ ಬೆಲೆ ಕೊಟ್ಟರು. ಅಂದಗೇಡಿ ಎನ್ನುವವರು ಈ ಲೆಕ್ಕವನ್ನು ಗಮನಿಸಬೇಕು.

ಬಾಗಿಲುಗಳು ಮುಖ್ಯವಾಗಿ ಐದು. ಪಶ್ಚಿಮಕ್ಕೆ ಮಕ್ಕಾ, ವಾಯವ್ಯಕ್ಕೆ ಶಹಾಪುರ, ಉತ್ತರಕ್ಕೆ ಬಹಮನಿ, ಪೂರ್ವಕ್ಕೆ ಅಲ್ಲಾಪುರ, ಆಗ್ನೇಯದ ಕಡೆಗೆ ಮಂಗೋಳಿ. ಯಾವುದರಲ್ಲೂ ನೇರವಾಗಿ ಒಳಗೆ ನುಗ್ಗಲು ಬರುವುದಿಲ್ಲ. ದಾರಿ ತಿರುಗುತ್ತದೆ, ತಿರುಗಿದಲ್ಲಿ ಎಡಬಲಕ್ಕೆ ಬುರುಜು. ಆನೆಗಳು ಹಣೆಯಿಂದ ಗುದ್ದಿ ಮುರಿಯದಂತೆ ಕದಗಳಿಗೆ ಉದ್ದನೆಯ ಕಬ್ಬಿಣದ ಮೊಳೆಗಳು.

ಬುರುಜುಗಳಲ್ಲಿ ಮೂರನ್ನು ಹೇಳದೆ ಮುಂದೆ ಹೋಗಲಾಗದು. ಒಂದು ಉಪ್ಪಲಿ ಬುರುಜು. ಇದು ಗೋಡೆಯಲ್ಲಿಲ್ಲ, ಗೋಡೆಯ ಒಳಗೆ ದಿಬ್ಬದ ಮೇಲೆ ಒಂಟಿಯಾಗಿ ನಿಂತಿದೆ. ಎತ್ತರ 80 ಅಡಿ, ಹೊರಮೈಯಲ್ಲೇ ಸುತ್ತಿಕೊಂಡು ಏರುವ ಮೆಟ್ಟಿಲು. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ್ದು. ಗೋಡೆಯ ಪಾಲು ಹಂಚುವಾಗ ಈತ ದಂಡಿನಲ್ಲಿ ದೂರ ಹೋಗಿದ್ದನಂತೆ. ಮರಳಿ ಬಂದು ನನಗೇನೂ ಉಳಿಯಲಿಲ್ಲವೆಂದು ನೊಂದುಕೊಂಡಾಗ, ಎಲ್ಲರ ಬುರುಜಿಗಿಂತ ಮೇಲೆ ಕಾಣುವಂಥದ್ದನ್ನು ಕಟ್ಟೆಂದು ದೊರೆ ಹೇಳಿದನಂತೆ. ಕಥೆ ಕಟ್ಟುಕಥೆಯಿರಬಹುದು, ಮೇಲೆ ಹತ್ತಿ ನಿಂತರೆ ಇಡೀ ಊರು ಕಾಣುವುದು ಮಾತ್ರ ಸುಳ್ಳಲ್ಲ. ಮೇಲಿರುವ ಉದ್ದನೆಯ ತೋಪು ಮೂವತ್ತು ಅಡಿಗೂ ಹೆಚ್ಚು. ಎರಡನೆಯದು ಫಿರಂಗಿ ಬುರುಜು. ಸುಲ್ತಾನರ ಚಾಕರಿಯಲ್ಲಿದ್ದ ಪೋರ್ಚುಗೀಸ್ ಸೇನಾನಿಯೊಬ್ಬ 1576ರಲ್ಲಿ ಕಟ್ಟಿಸಿದ್ದೆಂದು ಹೇಳುತ್ತಾರೆ. ಗೋವೆಯಲ್ಲಿ ಅವರ ಮೇಲೆ ಯುದ್ಧ, ಇಲ್ಲಿ ಅವರದೇ ವಿದ್ಯೆಯ ಬುರುಜು!

ಮೂರನೆಯದು ಶೇರಜಾ ಬುರುಜು, ಅದರ ಮೇಲೆ ಮಲಿಕ್-ಎ-ಮೈದಾನ ತೋಪು. ತೋಪು ಇಲ್ಲಿಯದಲ್ಲ. 1549ರಲ್ಲಿ ಅಹಮದನಗರದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿ ಎಂಬವನು ಎರಕ ಹೊಯ್ದದ್ದು. ತೂಕ ಸುಮಾರು 55 ಟನ್, ಉದ್ದ 14 ಅಡಿಗಿಂತ ತುಸು ಹೆಚ್ಚು. ಬಾಯಿ ಸಿಂಹದ್ದು, ಹಲ್ಲುಗಳ ನಡುವೆ ಆನೆ ಸಿಕ್ಕಿಬಿದ್ದಿದೆ. 1632ರಲ್ಲಿ ಪರಾಂಡಾ ಕೋಟೆಯಿಂದ ಇದನ್ನು ವಿಜಾಪುರಕ್ಕೆ ಎಳೆದು ತಂದರು. ಈಗಿನ ಬುರುಜನ್ನು ಐದೇ ತಿಂಗಳಲ್ಲಿ ಕಟ್ಟಿದೆವೆಂದು 1671ರ ಶಾಸನ ಹೆಮ್ಮೆಯಿಂದ ಹೇಳುತ್ತದೆ. ಅಷ್ಟು ಅವಸರವೇಕೆ ಎಂಬುದು ಮುಂದೆ ತಿಳಿದೀತು.

ಗೋಡೆ ಎಷ್ಟು ಗಟ್ಟಿಯಿದ್ದರೇನು, ಒಳಗೆ ನೀರಿಲ್ಲದಿದ್ದರೆ ಮುಗಿಯಿತು. ಕಾರ್ಕಸೋನ್ 1209ರಲ್ಲಿ ಶರಣಾದದ್ದು ಗೋಡೆ ಒಡೆದು ಅಲ್ಲ. ಆಗಸ್ಟ್ ತಿಂಗಳ ಬಿಸಿಲಿನಲ್ಲಿ ನೀರು ಕೈಕೊಟ್ಟಿತು. ಮುತ್ತಿಗೆ ಹಾಕಿದವರು ನಮ್ಮದೇ ಧರ್ಮಸಭೆಯ ಕ್ರೂಸೇಡ್ ಯೋಧರು ಎಂಬುದನ್ನು ಇಲ್ಲಿ ಮುಚ್ಚಿಡುವುದು ಬೇಡ. ವಿಜಾಪುರ ಮಳೆ ಕಡಿಮೆಯ ನೆಲ, ಅದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಲಿ 1579ರಲ್ಲಿ ಚಾಂದ ಬಾವಡಿ ತೋಡಿಸಿದ. 1620ರಲ್ಲಿ ತಾಜ ಬಾವಡಿ ಆಯಿತು. ತೊರವಿಯ ಕಡೆಯಿಂದ ಸುರಂಗದಲ್ಲಿ ನೀರು ಬಂತು. 1651ರಲ್ಲಿ ಮಹಮ್ಮದ್ ಆದಿಲ್ ಶಹಾ ಊರ ದಕ್ಷಿಣಕ್ಕೆ ಬೇಗಂ ತಲಾಬು ಕಟ್ಟಿಸಿ, ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಹರಿಸಿದ. ಕೊಳವೆ ಒತ್ತಡಕ್ಕೆ ಒಡೆಯದಂತೆ ದಾರಿಯಲ್ಲಿ ಅಲ್ಲಲ್ಲಿ ಕಲ್ಲಿನ ನೀರಗೋಪುರ. ಊರ ಸಂದಿಗೊಂದಿಗಳಲ್ಲಿ ಈ ಗೋಪುರಗಳು ಇನ್ನೂ ಇವೆ, ಏನೆಂದು ಕೇಳುವವರು ಮಾತ್ರ ಕಡಿಮೆ.

ಆದರೆ ಗೋಡೆಯ ಹೊರಗೆ ಇದ್ದವರು? ವಿಜಾಪುರ ಗೋಡೆಯೊಳಗೇ ಮುಗಿಯುತ್ತಿರಲಿಲ್ಲ. ಶಹಾಪುರದಂಥ ಪೇಟೆಗಳು, ತೋಟಗಳು, ಹಳ್ಳಿಗಳು ಸುತ್ತಲೂ ಇದ್ದವು. ಎರಡನೆಯ ಇಬ್ರಾಹಿಂ 1599ರಲ್ಲಿ ಪಶ್ಚಿಮಕ್ಕೆ ನೌರಸಪುರ ಎಂಬ ಹೊಸ ನಗರವನ್ನೇ ಕಟ್ಟಹೊರಟ; ಅದರ ಗೋಡೆ ಮುಗಿಯುವ ಮೊದಲೇ 1624ರಲ್ಲಿ ಮಲಿಕ್ ಅಂಬರ್ ಬಂದು ಅದನ್ನು ಹಾಳುಗೆಡವಿದ. ಗೋಡೆಯಿಲ್ಲದವರ ಪಾಡು ಅದು.

1665ರ ಕೊನೆಗೆ ಔರಂಗಜೇಬನ ಸೇನಾಪತಿ ಮಿರ್ಜಾ ರಾಜಾ ಜಯಸಿಂಗ ದಂಡೆತ್ತಿ ಬಂದ. ಅವನೊಡನೆ ಶಿವಾಜಿಯೂ ಇದ್ದ. ಪುರಂದರದ ಒಪ್ಪಂದವಾಗಿ ಕೆಲವೇ ತಿಂಗಳಾಗಿತ್ತು. ಮುಧೋಳದ ಘೋರ್ಪಡೆ ಮನೆತನ ಆದಿಲಶಾಹಿಯ ಸರದಾರರ ಮನೆತನ. ಶಿವಾಜಿಯ ತಂದೆ ಶಹಾಜಿಯನ್ನು 1648ರಲ್ಲಿ ಸೆರೆಹಿಡಿದವರಲ್ಲಿ ಬಾಜಿ ಘೋರ್ಪಡೆಯೂ ಒಬ್ಬ. ಹೀಗೆ ನಮ್ಮ ಊರುಗಳಿಗೂ ಈ ಜಗಳಕ್ಕೂ ನಂಟಿತ್ತು. ಡಿಸೆಂಬರ್ ಮುಗಿಯುವಷ್ಟರಲ್ಲಿ ಮೊಗಲ್ ದಂಡು ವಿಜಾಪುರದಿಂದ ಹತ್ತು ಹನ್ನೆರಡು ಮೈಲಿಯಲ್ಲಿ ಬಂದು ಬೀಡುಬಿಟ್ಟಿತು.

ಒಳಗಿದ್ದ ಎರಡನೆಯ ಅಲಿ ಏನು ಮಾಡಿದ? ಕೋಟೆಗೆ 30,000 ಕರ್ನಾಟಕಿ ಕಾಲಾಳುಗಳನ್ನು ತುಂಬಿಸಿದ. ಜೊತೆಗೆ ಗೋಡೆಯ ಸುತ್ತ ಆರು ಮೈಲಿಯ ನೆಲವನ್ನು ತನ್ನ ಕೈಯಾರೆ ಬರಿದು ಮಾಡಿಸಿದ. ಶಹಾಪುರ ಮತ್ತು ನೌರಸಪುರದ ಕೆರೆಗಳನ್ನು ಒಡೆದು ನೀರು ಹೊರಬಿಟ್ಟರು. ಬಾವಿಗಳಿಗೆ ಮಣ್ಣು ತುಂಬಿದರು. ನೆರಳಿನ ಮರಗಳನ್ನು ಕಡಿದರು, ಕಟ್ಟಡಗಳನ್ನು ಕೆಡವಿದರು. ಮುತ್ತಿಗೆಯ ದೊಡ್ಡ ತೋಪುಗಳನ್ನು ತಾರದೆ ಅವಸರದಲ್ಲಿ ಬಂದಿದ್ದ ಜಯಸಿಂಗನಿಗೆ ಕುಡಿಯಲು ನೀರಿಲ್ಲ, ಕುದುರೆಗೆ ಮೇವಿಲ್ಲ. ವಾರದೊಳಗೆ, 1666ರ ಜನವರಿಯ ಮೊದಲಲ್ಲಿ ಹಿಂದೆ ಸರಿದ. ಗೋಡೆಗೆ ಗೀರೂ ಬೀಳಲಿಲ್ಲ. ವಿಜಾಪುರ ಗೆದ್ದಿತು.

ಇತಿಹಾಸದ ಪುಸ್ತಕಗಳು ಇಲ್ಲಿಗೆ ಅಧ್ಯಾಯ ಮುಗಿಸುತ್ತವೆ. ನಾನು ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಬಾವಿ ತೋಡುವುದೆಂದರೆ ಏನೆಂದು ನಮ್ಮ ಒಕ್ಕಲು ಮನೆಗಳಿಗೆ ಗೊತ್ತು. ತಂದೆ ಶುರು ಮಾಡಿದ್ದು ಮಗನ ಕಾಲಕ್ಕೆ ನೀರು ಕಂಡ ಬಾವಿಗಳಿವೆ. ಆ ಆರು ಮೈಲಿಯೊಳಗಿನ ಪ್ರತಿ ಬಾವಿಯೂ ಯಾರದೋ ಮನೆಯದು. ಡಿಸೆಂಬರ್ ಎಂದರೆ ಹೊಲದಲ್ಲಿ ಬಿಳಿಜೋಳ ನಿಂತಿರುವ ತಿಂಗಳು, ಮುಂದೆ ಬೇಸಿಗೆ. ದಂಡು ಹೋಯಿತು, ಕೆರೆ ಬರಿದಾಗಿಯೇ ಉಳಿಯಿತು. ಅವರ ಮೇಲೆ ಇದನ್ನು ತಂದವನು ಶತ್ರುವಲ್ಲ, ತಾವು ಕಂದಾಯ ಕೊಡುತ್ತಿದ್ದ ದೊರೆಯೇ. ಆತನಿಗೆ ಬೇರೆ ದಾರಿಯಿತ್ತೇ ಎಂದು ಕೇಳಿದರೆ, ಬಹುಶಃ ಇರಲಿಲ್ಲ. ನಗರ ಬಿದ್ದಿದ್ದರೆ ಹಳ್ಳಿಗಳು ಉಳಿಯುತ್ತಿದ್ದವೆಂದೂ ಹೇಳಲಾಗದು. ಆದರೂ ಈ ಕೋಟೆಯ ವಾಸ್ತುವನ್ನು ಬರೆಯುವವರು ಕಲ್ಲು, ಗಾರೆ, ತೋಪುಗಳ ಜೊತೆಗೆ ಆ ಆರು ಮೈಲಿಯ ಬರಿದಾದ ನೆಲವನ್ನೂ ಕೋಟೆಯ ಒಂದು ಭಾಗವೆಂದೇ ಲೆಕ್ಕಕ್ಕೆ ಹಿಡಿಯಬೇಕು. ಅದಿಲ್ಲದೆ ಗೋಡೆ ಆ ವರ್ಷ ಗೆಲ್ಲುತ್ತಿರಲಿಲ್ಲ.

ಅಲಿ ಹೆದರಿಕೆಯನ್ನು ಮರೆಯಲಿಲ್ಲ. ಆತನ ಆಳ್ವಿಕೆಯಲ್ಲೇ, ಆರು ವರ್ಷದೊಳಗೆ ಎದ್ದದ್ದು ಆ ಐದು ತಿಂಗಳ ಶೇರಜಾ ಬುರುಜು.

ಎರಡನೆಯ ಸಲ ಮೊಗಲರು ಅವಸರ ಮಾಡಲಿಲ್ಲ. 1685ರ ಏಪ್ರಿಲ್‌ನಲ್ಲಿ ಮುತ್ತಿಗೆ ಶುರುವಾಯಿತು. ಹೊರಗಿನ ದಂಡೂ ಬರಗಾಲಕ್ಕೆ ಸಿಕ್ಕಿ ನರಳಿತು. ಆದರೆ ಅವರಿಗೆ ಹೊರಗಿನಿಂದ ಧಾನ್ಯ ಬಂತು, ಒಳಗಿನವರಿಗೆ ಬರಲಿಲ್ಲ. 1686ರ ಜುಲೈನಲ್ಲಿ ಔರಂಗಜೇಬನೇ ಬಂದು ಕುಳಿತ. ಕೋಟೆಯಲ್ಲಿ ಕೊನೆಗೆ ಸುಮಾರು 2,000 ಸೈನಿಕರು ಮಾತ್ರ ಉಳಿದಿದ್ದರು. 1686ರ ಸೆಪ್ಟೆಂಬರ್ 12ರಂದು ಹದಿನೆಂಟರ ಹರೆಯದ ಸಿಕಂದರ್ ಆದಿಲ್ ಶಹಾ ಹೊರಬಂದು ಶರಣಾದ. ಗೋಡೆ ಸೋಲಲಿಲ್ಲ, ಹಸಿವು ಸೋಲಿಸಿತು. ಔರಂಗಜೇಬ ಮಂಗೋಳಿ ಬಾಗಿಲಿನಿಂದ ಒಳಗೆ ಬಂದು ಅದಕ್ಕೆ ಫತೇ ದರವಾಜಾ ಎಂದು ಹೆಸರಿಟ್ಟ. ಎರಡು ವರ್ಷದ ಮೇಲೆ, 1688ರಲ್ಲಿ, ಆ ಊರಿಗೆ ಪ್ಲೇಗು ಬಡಿಯಿತು. ಅದಕ್ಕೆ ಒಳಗು ಹೊರಗು ಎಂಬ ಭೇದವಿರಲಿಲ್ಲ.

ಮುಂದಿನದು ಬೇಗ ಹೇಳಬಹುದಾದ ಕಥೆ. ನಿಜಾಮ, 1760ರಿಂದ ಪೇಶ್ವೆ, 1818ರ ನಂತರ ಸಾತಾರಾ, 1848ರಿಂದ ಇಂಗ್ಲಿಷರು. ಅರಮನೆಗಳ ಕಟ್ಟಿಗೆಯನ್ನು ಬೇಕಾದವರು ಬಿಚ್ಚಿಕೊಂಡು ಹೋದರು. 1561ರ ಗಗನಮಹಲಿನಲ್ಲಿ ಇಂದು ಆ ದೊಡ್ಡ ಕಮಾನು ಉಳಿದಿದೆ, ಮರದ ಅಂತಸ್ತು ಉಳಿದಿಲ್ಲ. 1854ರಲ್ಲಿ ಮಲಿಕ್-ಎ-ಮೈದಾನವನ್ನು ಹಳೆಯ ಲೋಹವೆಂದು ಹರಾಜಿಗಿಟ್ಟರು. 150 ರೂಪಾಯಿಗೆ ಕೂಗು ನಿಂತಿತು. ಅಷ್ಟರಲ್ಲಿ ಒಬ್ಬ ಅಧಿಕಾರಿಗೆ ಬುದ್ಧಿ ಬಂದು ಹರಾಜು ರದ್ದಾಯಿತು. ಕಾರ್ಕಸೋನಿನ ಕಥೆಯೂ ಹೀಗೆಯೇ: ಅಲ್ಲಿಯ ಸರಕಾರ ಆ ಕೋಟೆಯನ್ನು ಕೆಡವಲು ಬಿಡಹೊರಟಾಗ ಊರಿನವರೇ ಎದ್ದು ತಡೆದರು, 1853ರಿಂದ ವಯೋಲೆ-ಲ-ದ್ಯುಕ್ ಎಂಬ ವಾಸ್ತುಶಿಲ್ಪಿ ಅದನ್ನು ದುರಸ್ತಿ ಮಾಡತೊಡಗಿದ. ಇಂದು ಕ್ಯಾಲೆಂಡರಿನಲ್ಲಿ ಕಾಣುವ ಆ ಚೂಪು ಮಾಡುಗಳಲ್ಲಿ ಬಹುಪಾಲು ಅವನ ಕೈಯವು. 1997ರಲ್ಲಿ ಅದು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ವಿಜಾಪುರದ ಸ್ಮಾರಕಗಳು 2014ರಲ್ಲಿ ದಖ್ಖನಿನ ಇತರ ಸುಲ್ತಾನರ ಕೋಟೆಗಳ ಜೊತೆ ಅದೇ ಸಂಸ್ಥೆಯ ತಾತ್ಕಾಲಿಕ ಪಟ್ಟಿಗೆ ಬಂದವು.

ನಮ್ಮ ಭಾಗಕ್ಕೆ ಸಂಬಂಧಿಸಿದ ಒಂದು ಸಂಗತಿ ಉಳಿಯಿತು. ಇಂಗ್ಲಿಷರ ಕಾಲದಲ್ಲಿ ಜಿಲ್ಲೆಯ ಮುಖ್ಯ ಸ್ಥಳ ಕಲಾದಗಿ ಆಗಿತ್ತು. ಈಗ ದಾಳಿಂಬೆ, ಚಿಕ್ಕು ಹಣ್ಣಿಗೆ ಹೆಸರಾದ ಅದೇ ಕಲಾದಗಿ. 1885ರಲ್ಲಿ ಕಚೇರಿಗಳೆಲ್ಲ ಅಲ್ಲಿಂದ ವಿಜಾಪುರಕ್ಕೆ ಹೋದವು. ಹೊಸ ಕಟ್ಟಡ ಕಟ್ಟುವ ಬದಲು ಸುಲ್ತಾನರ ಮಹಲುಗಳಿಗೇ ಸುಣ್ಣ ಹೊಡೆದು, ಕಿಟಕಿ ಕೂರಿಸಿ, ಕುರ್ಚಿ-ಮೇಜು ಹಾಕಿದರು. ಅರಕಿಲ್ಲಾದ ಒಳಗೆ ಕಾರಕೂನರು ದಫ್ತರ ಬಿಚ್ಚಿದರು. ಪುರಾತತ್ವ ಪ್ರೇಮಿಗಳಿಗೆ ಇದು ಸಂಕಟದ ವಿಷಯ. ಆದರೆ ಸೂರಿನ ಕೆಳಗೆ ಜನ ಇದ್ದದ್ದರಿಂದಲೇ ಕೆಲವು ಮಹಲುಗಳು ಬಿದ್ದುಹೋಗದೆ ಉಳಿದವೆಂಬುದು ನನ್ನ ಅನಿಸಿಕೆ.

ಗೋಡೆಗೆ ಅಂಥ ಉಪಯೋಗ ಸಿಗಲಿಲ್ಲ. ರಸ್ತೆಗಾಗಿ ಅಲ್ಲಲ್ಲಿ ಕಡಿದಿದ್ದಾರೆ. ಕಂದಕ ಕೆಲವು ಕಡೆ ತುಂಬಿಹೋಗಿದೆ, ಕೆಲವು ಕಡೆ ಮುಳ್ಳುಕಂಟಿ ಮತ್ತು ಕಸ. ಆದರೂ ಬಹುಭಾಗ ಇನ್ನೂ ನಿಂತಿದೆ. ಮುಂದಿನ ಸಲ ಮಕ್ಕಳೊಡನೆ ಹೋದಾಗ ಗೋಳಗುಮ್ಮಟಕ್ಕೆ ಮೊದಲು ಉಪ್ಪಲಿ ಬುರುಜು ಹತ್ತಿರಿ. ಮೆಟ್ಟಿಲಿಗೆ ಕಟಾಂಜನ ಸಾಲದು, ಚಿಕ್ಕ ಮಕ್ಕಳ ಕೈ ಬಿಡಬೇಡಿ. ಮೇಲೆ ನಿಂತರೆ ಗೋಡೆ ಸುತ್ತುವರಿದು ಹೋಗಿರುವುದು ಕಾಣುತ್ತದೆ; ಅದರಾಚೆ ಜೋಳದ ಹೊಲ, ಹೊಲದ ನಡುವೆ ಅಲ್ಲಲ್ಲಿ ಒಂದೊಂದು ಬಾವಿ.